ಕಾದಂಬರಿಯ ಪಾಪನಪಲ್ಲಿ ಯಾವ ಊರು?

ಕೋಲಾರದಿಂದ ಪ್ರಶ್ನೆ: ಓದುತ್ತಿರುವ ಕಾದಂಬರಿಯಲ್ಲಿ ಹುಡುಗನೊಬ್ಬ ಮಧ್ಯಾಹ್ನ ಬೌರಿಂಗ್‌ಪೇಟೆಯಲ್ಲಿ (ಈಗಿನ ಬಂಗಾರಪೇಟೆ) ರೈಲಿಳಿದು, ಎತ್ತಿನ ಗಾಡಿ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಪಾಪನಪಲ್ಲಿ ಸೇರುತ್ತಾನೆ. ಈ ಊರು ನಿಜವೋ, ಕಲ್ಪನೆಯೋ? ಪತ್ತೆ ಹೇಗೆ? ತಿಳಿದವರು ಹೇಳಿ.

ಶ್ರೀನಿವಾಸಪುರ: ನಮ್ಮೂರಿನ ಹಳೆಯ ಹೆಸರೇ ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರು. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪೂರ್ಣಯ್ಯ ದಿವಾನಗಿರಿ ಬಿಟ್ಟದ್ದು 1811ರಲ್ಲಿ. ಬೌರಿಂಗ್‌ಪೇಟೆ ಎಂಬ ಹೆಸರಿಗೆ ಕಾರಣನಾದ ಬೌರಿಂಗ್ ಮೈಸೂರಿನ ಕಮಿಷನರ್ ಆದದ್ದು 1862ರಲ್ಲಿ. ನಡುವೆ ಅರ್ಧ ಶತಮಾನ, ಅಂದರೆ ಕಥೆಯ ಕಾಲಕ್ಕೆ ನಮ್ಮೂರಿನ ಹೆಸರು ಬದಲಾಗಿ ಅಷ್ಟು ವರ್ಷ ಕಳೆದಿತ್ತು. ಬಾಯಿಮಾತಿನಲ್ಲಿ ಹಳೇ ಹೆಸರು ತಲೆಮಾರುಗಟ್ಟಲೆ ಉಳಿಯುತ್ತದೆ, ಸರ್ಕಾರಿ ಕಾಗದದಲ್ಲಿ ಉಳಿಯುವುದಿಲ್ಲ. ಹೆಸರು ಬರುವ ಪುಟಗಳನ್ನೆಲ್ಲ ಗುರುತು ಮಾಡಿ. ಪಾತ್ರಗಳ ಮಾತಿನಲ್ಲಷ್ಟೇ ಇದ್ದರೆ ಶ್ರೀನಿವಾಸಪುರ ಇರಬಹುದು. ಕಥೆಯೊಳಗಿನ ಪತ್ರ, ಪಹಣಿಯಲ್ಲೂ ಇದ್ದರೆ ಬೇರೆ ಹಳ್ಳಿ ಹುಡುಕಿ.

ಬಂಗಾರಪೇಟೆ: ಗಾಡಿ ಲೆಕ್ಕವನ್ನೂ ಹಾಕಿ. ಇಲ್ಲಿಂದ ಕೋಲಾರದ ಮೇಲೆ ಶ್ರೀನಿವಾಸಪುರಕ್ಕೆ ಸುಮಾರು 40 ಕಿ.ಮೀ. ಎತ್ತಿನ ಗಾಡಿ ಗಂಟೆಗೆ 3–4 ಕಿ.ಮೀ. ಅಂದರೆ ಹತ್ತು ಗಂಟೆಗೂ ಮೇಲೆ. ಮಧ್ಯಾಹ್ನ ಹೊರಟವನು ಸಂಜೆಗೆ ಮುಟ್ಟಲಾರ. ಐದಾರು ಗಂಟೆಗೆ ಹೆಚ್ಚೆಂದರೆ 24 ಕಿ.ಮೀ., ಅಷ್ಟು ದೂರದೊಳಗೆ ನೋಡಿ. ಬೌರಿಂಗ್‌ಪೇಟೆ–ಕೋಲಾರ ನ್ಯಾರೋಗೇಜ್ ರೈಲು ಬಂದದ್ದು 1913ರಲ್ಲಿ. ಕಥೆ ಅದಕ್ಕಿಂತ ಈಚಿನದಾದರೆ, ಕೋಲಾರದ ಕಡೆ ಹೋಗುವವನು ಇಲ್ಲೇ ಗಾಡಿ ಹತ್ತುವ ಕಾರಣವಿಲ್ಲ.

ಚಿಂತಾಮಣಿ: ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ (1905) ತೆಗೆಯಿರಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಚಿಂತಾಮಣಿ, ಬಾಗೇಪಲ್ಲಿ ಶಾಸನಗಳೂ ಕೋಲಾರದ ಆ ಸಂಪುಟದಲ್ಲೇ ಇವೆ. ಹೆಚ್ಚಿನವರು ಎಡವುವುದು ಕಾಗುಣಿತದಲ್ಲಿ. ನಮ್ಮ ಕಡೆ ತೆಲುಗಿನ ಪಲ್ಲಿ, ಕನ್ನಡದ ಹಳ್ಳಿ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ. ಪಾಪನಪಲ್ಲಿ, ಪಾಪನಹಳ್ಳಿ, ಪಾಪೇನಹಳ್ಳಿ ಮೂರನ್ನೂ ಹುಡುಕಿ. ಆಮೇಲೆ ಹೋಬಳಿವಾರು ಗ್ರಾಮಪಟ್ಟಿ. ಅದರಲ್ಲಿ ‘ಬೇಚಿರಾಕ್’ ಎಂದಿರುವ ಊರುಗಳನ್ನು ಬಿಡಬೇಡಿ. ಜನ ಬಿಟ್ಟುಹೋದ ಊರು ಅದು, ಬಸ್ ಬೋರ್ಡಿನಲ್ಲಿ ಸಿಗದು. ಆದರೆ ಗ್ರಾಮ ನಕ್ಷೆಯಲ್ಲಿ ಗಡಿ, ಸರ್ವೆ ನಂಬರ್, ಕೆರೆ ಎಲ್ಲ ಇರುತ್ತವೆ. ಕಾದಂಬರಿಯ ಕೆರೆ ಊರಿನ ಯಾವ ದಿಕ್ಕಿಗಿದೆ?

ಕೋಲಾರ: ಪಡುವಣಕ್ಕೆ. ಊರ ಹೆಸರು ಅಜ್ಜಿಯ ಬಾಯಲ್ಲಿ ಮಾತ್ರ ಬರುತ್ತದೆ. ನನ್ನದು ಮೂರನೇ ಮುದ್ರಣ.

ಶ್ರೀನಿವಾಸಪುರ: ಹಾಗಾದರೆ ಮೊದಲ ಮುದ್ರಣ ನೋಡುವ ತನಕ ತೀರ್ಮಾನ ಬೇಡ. ಮರುಮುದ್ರಣಕ್ಕೆ ಅಕ್ಷರ ಜೋಡಿಸುವಾಗ ‘ಮಾರನೆಯ ದಿನ’ ಎಂಬೆರಡು ಪದ ಬಿಟ್ಟುಹೋಗಿದ್ದರೂ ಗಾಡಿ ಲೆಕ್ಕ ಸರಿಹೋಗುತ್ತದೆ. ಊರಿನ ಹಿರಿಯರನ್ನು ಕೇಳುವಾಗ “ಪಾಪನಪಲ್ಲಿ ಇದೇನಾ?” ಎನ್ನಬೇಡಿ, ಹೌದು ಅಂದುಬಿಡುತ್ತಾರೆ. “ಈ ಊರಿಗೆ ಮುಂಚೆ ಏನಂತಿದ್ರು, ಪಡುವಣ ಕೆರೆ ಹೆಸರೇನು?” ಅಂತ ಕೇಳಿ.