‘ಮರುಸೃಷ್ಟಿ’ಯಾ, ‘ಸೋಗಾ’? ಟೈಟಾನಿಕ್ ಮೂಕಿ ಚಿತ್ರಗಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಟೈಟಾನಿಕ್ ಬಗ್ಗೆ ಬಂದ ಮೊದಮೊದಲ ಮೂಕಿ ಚಿತ್ರಗಳ ಮೇಲೊಂದು ಲೇಖನ ಬರೀತಾ ಇದೀನಿ, ಒಂದು ಪದದ ಹತ್ರ ನಾಲ್ಕು ದಿನದಿಂದ ಸಿಕ್ಕಾಕೊಂಡಿದೀನಿ. ಎಲ್ಲರೂ ಬಳಸೋದು ‘ಮರುಸೃಷ್ಟಿ’. ಆದ್ರೆ ಮೂರು ಬೇರೆಬೇರೆ ಕೆಲಸಕ್ಕೆ ಅದೊಂದೇ ಪದ ಹಾಕಿದ್ರೆ ಓದೋರಿಗೆ ವ್ಯತ್ಯಾಸವೇ ತಿಳಿಯಲ್ಲ.

ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನಲ್ಲಿ. ನ್ಯೂಸ್‌ರೀಲ್‌ನವರ (ಥಿಯೇಟರಲ್ಲಿ ತೋರಿಸೋ ಸುದ್ದಿಚಿತ್ರ ಮಾಡೋರ) ಹತ್ರ ಟೈಟಾನಿಕ್‌ದು ಅಂತ ಫಿಲ್ಮು ಹೆಚ್ಚೇನೂ ಇರಲಿಲ್ಲ, ಹಾಗಾಗಿ ಅದೇ ಕಂಪನಿಯ, ನೋಡೋಕೆ ಅದರ ಹಾಗೇ ಇದ್ದ ಒಲಿಂಪಿಕ್ ಹಡಗಿನದ್ದು ತೋರಿಸಿದ್ರು. ಟೈಟಾನಿಕ್‌ನ ಕ್ಯಾಪ್ಟನ್ ಸ್ಮಿತ್ ಬಿಳಿ ಯೂನಿಫಾರ್ಮಲ್ಲಿ ಓಡಾಡೋ ತುಣುಕು ಇದೆಯಲ್ಲ, ಅದೂ ಒಲಿಂಪಿಕ್ ಮೇಲೆ ನ್ಯೂಯಾರ್ಕಲ್ಲಿ ತೆಗೆದಿದ್ದೇ. ಪಕ್ಕದ ಟಗ್ ದೋಣಿಗಳ (ಹಡಗು ಎಳೆಯೋ ಸಣ್ಣ ದೋಣಿಗಳ) ಹೆಸರು ಯಾರಾದ್ರೂ ಓದಿಬಿಟ್ರೆ ಇದು ಟೈಟಾನಿಕ್ ಮುಟ್ಟದೇ ಹೋದ ನ್ಯೂಯಾರ್ಕ್ ಅಂತ ಗುಟ್ಟು ರಟ್ಟಾಗುತ್ತಲ್ಲ, ಅದಕ್ಕೆ ಫಿಲ್ಮಿನ ಮೇಲೇ ಕೆರೆದು ಅಳಿಸಿದಾರೆ, ಆ ಜಾಗದಲ್ಲಿ ಗೀಚು ಕುಣಿಯೋದು ಈಗಲೂ ಕಾಣುತ್ತೆ. ಇದನ್ನ ‘ಮರುಸೃಷ್ಟಿ’ ಅನ್ನೋಕೆ ನಂಗೆ ಮನಸ್ಸೇ ಬರಲ್ಲ.

ಅದೇ ವರ್ಷ ಜರ್ಮನಿಯಲ್ಲಿ ಮೀಮೆ ಮಿಸು ಮಾಡಿದ ಚಿತ್ರದಲ್ಲಿ ಹಡಗಿನ ಪುಟ್ಟ ಮಾದರಿ ಮಾಡಿ ನೀರಲ್ಲಿ ಮುಳುಗಿಸಿದ್ರು. ಅದಕ್ಕೆ ಮರುಸೃಷ್ಟಿ ಸರಿ.

ತೊಡಕು ಇರೋದು ಡೊರೊಥಿ ಗಿಬ್ಸನ್ ವಿಷಯದಲ್ಲಿ. ಆಕೆ ಮೊದಲೇ ಸಿನಿಮಾ ನಟಿ, ಟೈಟಾನಿಕ್‌ನಲ್ಲಿದ್ದೋರು, ಮೊದಲು ನೀರಿಗಿಳಿದ 7ನೇ ನಂಬರ್ ದೋಣಿಯಲ್ಲಿ ಬಚಾವಾದೋರು. ಊರಿಗೆ ಬಂದು ಒಂದು ತಿಂಗಳಾಗೋ ಹೊತ್ತಿಗೆಲ್ಲ ಆ ರಾತ್ರಿಯ ಕತೆಯ ಸಿನಿಮಾದಲ್ಲಿ ತಮ್ಮ ಪಾತ್ರ ತಾವೇ ಮಾಡಿದ್ರು, ಆ ರಾತ್ರಿ ಹಾಕಿದ್ದ ಅದೇ ಬಟ್ಟೆ ಹಾಕ್ಕೊಂಡು! ಇದು ‘ನಟನೆ’ ಅಂದ್ರೂ ಕಮ್ಮಿ, ‘ಸಾಕ್ಷಿ’ ಅಂದ್ರೂ ಪೂರ್ತಿ ನಿಜ ಅಲ್ಲ. 1914ರಲ್ಲಿ ಆ ಸಿನಿಮಾ ತೆಗೆದ ಎಕ್ಲೇರ್ ಕಂಪನಿಯ ಸ್ಟುಡಿಯೋಗೆ ಬೆಂಕಿ ಬಿದ್ದು ಪ್ರಿಂಟೆಲ್ಲ ಹೋಯ್ತು, ಕೆಲವು ಫೋಟೋ ಮಾತ್ರ ಉಳಿದಿವೆ. ಅವುಗಳಲ್ಲಿ ಆಕೆಯ ಮುಖ ನೋಡಿದಾಗಿಂದ ಈ ಪದದ ಚಿಂತೆ ಇನ್ನೂ ಜಾಸ್ತಿ ಆಗಿದೆ.

ನಂಗೆ ಹೊಳೆದಿದ್ದು ‘ಸೋಗು’. ಬಾಗಲಕೋಟೆ ಹೋಳಿಯಲ್ಲಿ ಸೋಗಿನ ಬಂಡಿ ಬರುತ್ತಲ್ಲ, ಅಲ್ಲಿ ಸೋಗು ಅಂದ್ರೆ ವೇಷ, ನೋಡೋರಿಗೂ ಗೊತ್ತು ಹಾಕಿದೋರಿಗೂ ಗೊತ್ತು, ಮೋಸ ಇಲ್ಲ. ಆದ್ರೆ ಬರವಣಿಗೆಯಲ್ಲಿ ‘ಸಾಧುವಿನ ಸೋಗಿನಲ್ಲಿ ಬಂದು ದೋಚಿದ’ ಅಂತೀವಿ, ಅಲ್ಲಿ ಪೂರಾ ವಂಚನೆ. ಆ ಎರಡನೇ ಅರ್ಥದಲ್ಲಿ ‘ಟೈಟಾನಿಕ್ ಸೋಗಿನ ಒಲಿಂಪಿಕ್’ ಅಂತ ಬರೆದ್ರೆ ನ್ಯೂಸ್‌ರೀಲ್‌ಗೆ ಚೆನ್ನಾಗಿ ಕೂರುತ್ತೆ ಅನ್ಸುತ್ತೆ. ಗಿಬ್ಸನ್‌ಗೆ ಮೊದಲನೇ ಅರ್ಥದಲ್ಲಿ ‘ತನ್ನ ಸೋಗು ತಾನೇ ಹಾಕಿದಳು’ ಅನ್ನಬಹುದಾ, ಇಲ್ಲ ಒಂದೇ ಲೇಖನದಲ್ಲಿ ಎರಡೂ ಬಂದ್ರೆ ಆಕೆಗೂ ಆ ಮೋಸದ ವಾಸನೆ ಅಂಟುತ್ತಾ? ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ, ನಿಮ್ಮ ಮನೆಮಾತಲ್ಲಿ ‘ಸೋಗು ಹಾಕೋದು’ ಅಂದ ಕೂಡ್ಲೆ ಮೊದಲು ಕಿವಿಗೆ ಬೀಳೋ ಅರ್ಥ ಯಾವುದು?