ಟಿಇಟಿ ಪೇಪರ್ 1: 87ಕ್ಕೆ ನಿಂತ್ಬಿಟ್ಟಿದೀನಿ, 90 ದಾಟೋದು ಹೇಗೆ?

ಚುಕ್ಕಿಮಿಸ್:
ಎಲ್ರಿಗೂ ನಮಸ್ಕಾರ. ಇಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸ್ ಆದೋರು ತುಂಬ ಜನ ಇದೀರ ಅಂತ ಕೇಳ್ತಿದೀನಿ, ಉದ್ದ ಆಯ್ತು ಅಂತ ಬೈಬೇಡಿ. ನಂದು ಡಿಎಡ್ (ಪ್ರೈಮರಿ ಟೀಚರ್ ಟ್ರೈನಿಂಗ್) ಮುಗಿದು ಹನ್ನೊಂದು ವರ್ಷ ಆಯ್ತು, ಆಮೇಲೆ ಮದುವೆ, ಎರಡು ಮಕ್ಳು, ಈಗ ಒಂದು ಪ್ರೈವೇಟ್ ಸ್ಕೂಲಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡ್ತೀನಿ. ಪೇಪರ್ 1, ಅಂದ್ರೆ 1ರಿಂದ 5ನೇ ಕ್ಲಾಸಿನ ಟೀಚರ್‌ಗಳದ್ದು, ಎರಡು ಸಲ ಬರೆದೆ. ಮೊದಲ್ನೇ ಸಲ 84, ಎರಡ್ನೇ ಸಲ 87. ನಾನು 2ಎ, ಅಂದ್ರೆ 150ಕ್ಕೆ 60 ಪರ್ಸೆಂಟು, 90 ಬೇಕೇ ಬೇಕು. ಮೂರೇ ಮೂರು ಮಾರ್ಕ್ಸ್ ಕಣ್ರೀ, ರಿಸಲ್ಟ್ ದಿನ ಮೊಬೈಲು ಎತ್ತಿ ಬಿಸಾಕ್ಬೇಕು ಅನ್ನಿಸ್ಬಿಡ್ತು.

ಓದಿಲ್ಲ ಅಂತಲ್ಲ. ಒಂದು ಆನ್‌ಲೈನ್ ಕೋಚಿಂಗಿಗೆ ದುಡ್ಡು ಕಟ್ಟಿದ್ದೆ (ಹೆಸರು ಬೇಡ ಬಿಡಿ), ಅವ್ರು ಬರೆಸಿದ ನೋಟ್ಸ್ ಮೂರು ಬುಕ್ ತುಂಬಿದೆ. ಮಕ್ಕಳ ಮನಶ್ಶಾಸ್ತ್ರದ ಪಿಯಾಜೆ 1896ರಲ್ಲಿ ಹುಟ್ಟಿದ ಅನ್ನೋದನ್ನ ನಿದ್ದೆಗಣ್ಣಲ್ಲೂ ಹೇಳ್ತೀನಿ, ಎರಡು ಪರೀಕ್ಷೇಲೂ ಅದನ್ನ ಯಾರೂ ಕೇಳ್ಲಿಲ್ಲ. ಟೆಲಿಗ್ರಾಂನಲ್ಲಿ ಆರು ಗ್ರೂಪಲ್ಲಿದೀನಿ, ಪಿಡಿಎಫ್ ಡೌನ್‌ಲೋಡ್ ಮಾಡೋದೇ ಒಂದು ಕೆಲಸ ಆಗೋಗಿದೆ, ಓಪನ್ ಮಾಡೋಕೆ ಟೈಮಿಲ್ಲ. ನಂಗೆ ಸಿಗೋದು ರಾತ್ರಿ ಮಕ್ಳು ಮಲಗಿದ್ಮೇಲೆ ಒಂದೂವರೆ ಗಂಟೆ, ಅಷ್ಟೇ. ಇದ್ರಲ್ಲಿ ಏನು ಓದ್ಲಿ ಏನು ಬಿಡ್ಲಿ ಅಂತ ಯಾರಾದ್ರೂ ನೇರವಾಗಿ ಹೇಳಿ ಪ್ಲೀಸ್. "ಪ್ರಯತ್ನ ಬಿಡಬೇಡಿ" ಅಂತ ಮಾತ್ರ ಹೇಳ್ಬೇಡಿ, ಅದನ್ನ ಮನೇಲೇ ದಿನಾ ಕೇಳ್ತೀನಿ.

ಕಾರ್ಬನ್_ಕಾಪಿ:
ಮೇಡಂ ಮೊದ್ಲು ಒಂದು ಹೇಳಿ. 87 ಅಂದ್ರೆ ಯಾವ ವಿಷಯದಲ್ಲಿ ಎಷ್ಟೆಷ್ಟು? ಒಎಂಆರ್ (ಗೋಲ ತುಂಬೋ ಉತ್ತರ ಹಾಳೆ) ಕಾರ್ಬನ್ ಪ್ರತಿ ಇಟ್ಕೊಂಡಿದೀರಲ್ಲ, ಕೀ ಆನ್ಸರ್ ಜೊತೆ ತಾಳೆ ಹಾಕಿದ್ರಾ? ಅದಿಲ್ದೆ ಏನು ಹೇಳಿದ್ರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಚುಕ್ಕಿಮಿಸ್:
ಹಾಕಿದೀನಿ ಸರ್. ಶಿಶು ವಿಕಾಸ 17, ಕನ್ನಡ 22, ಇಂಗ್ಲಿಷ್ 14, ಗಣಿತ 18, ಪರಿಸರ 16. ಗೊತ್ತಿಲ್ದೇ ಇರೋದು ನಾಲ್ಕು ಹಾಗೇ ಬಿಟ್ಟು ಬಂದಿದ್ದೆ.

ಕಾರ್ಬನ್_ಕಾಪಿ:
ನಾಲ್ಕು ಬಿಟ್ಟು ಬಂದ್ರಾ!! ಟಿಇಟಿಲಿ ನೆಗೆಟಿವ್ ಮಾರ್ಕಿಂಗೇ ಇಲ್ವಲ್ಲ ಮೇಡಂ. ಕಣ್ಣು ಮುಚ್ಕೊಂಡು ನಾಲ್ಕಕ್ಕೂ ಒಂದೇ ಗೋಲ ತುಂಬಿದ್ರೂ ಒಂದು ಬಂದ್ರೂ ಬರ್ತಿತ್ತು. ಹೋಗ್ಲಿ, ಆಗಿದ್ದು ಆಯ್ತು.

ನಾನೂ ಮೂರನೇ ಸಲಕ್ಕೆ ಪಾಸ್ ಆಗಿದ್ದು, 108 ಬಂತು. ಮೊದಲೆರಡು ಸಲ ನಿಮ್ ಥರಾನೇ ಹೆಸರು ಇಸವಿ ಉರು ಹೊಡೆದೆ. ಮೂರನೇ ಸಲ ನನಗೆ ಹೊಳೆದಿದ್ದು ಏನಂದ್ರೆ ಈ ಪೇಪರ್ ಕೇಳ್ತಿರೋದು "ನಿಂಗೆ ಏನು ಗೊತ್ತು" ಅಂತಲ್ಲ, "ಮಗು ಯಾಕೆ ಹೀಗೆ ಮಾಡ್ತು, ನೀನೀಗ ಏನ್ಮಾಡ್ತೀಯ" ಅಂತ. ಬೋಧನಾಶಾಸ್ತ್ರ ಅಂದ್ರೆ ಶಿಶು ವಿಕಾಸದ 30 ಮಾರ್ಕ್ಸು ಅಷ್ಟೇ ಅಂದ್ಕೊಂಡಿದ್ದೆ ನಾನು, ತಪ್ಪು. ಸಿಟಿಇಟಿ (ಕೇಂದ್ರದ ಟಿಇಟಿ) ಸಿಲಬಸ್ ತೆಗ್ದು ನೋಡಿ, ಪೇಪರ್ 1ರಲ್ಲಿ ಎರಡು ಭಾಷೆ, ಗಣಿತ, ಪರಿಸರ ನಾಲ್ಕರಲ್ಲೂ 15 ಪ್ರಶ್ನೆ ವಿಷಯದ್ದು, 15 ಪ್ರಶ್ನೆ ಅದನ್ನ ಮಕ್ಕಳಿಗೆ ಹೇಳಿಕೊಡೋದರ ಬಗ್ಗೆ. 30ಕ್ಕೆ ನಾಲ್ಕು 15 ಕೂಡಿಸಿ. 90. ಪಾಸಿಂಗ್ ಮಾರ್ಕ್ಸ್ ಅಷ್ಟೂ ಅಲ್ಲೇ ಕೂತಿದೆ ನೋಡಿ. ನಮ್ಮ ರಾಜ್ಯದ ಪೇಪರಲ್ಲಿ ಹಂಚಿಕೆ ಆಚೀಚೆ ಇರುತ್ತೆ ಆದ್ರೆ ಜಾಡು ಅದೇ.

ಒಂದು ಉದಾಹರಣೆ ನಾನೇ ಮಾಡಿ ಹೇಳ್ತೀನಿ. ಮಗುಗೆ "ನೂರ ಐದು ಬರಿ" ಅಂದ್ರಿ, ಅದು 1005 ಅಂತ ಬರೀತು. ಆಪ್ಶನ್ಸ್: ಮಗು ಗಮನ ಕೊಟ್ಟಿಲ್ಲ / ಹತ್ತು ಸಲ ಬರೆಸಬೇಕು / ಸ್ಥಾನಬೆಲೆ ಇನ್ನೂ ಕೂತಿಲ್ಲ, ಕಡ್ಡಿ ಕಟ್ಟು ಇಟ್ಕೊಂಡು ಮಾಡಿಸಬೇಕು / ಪೋಷಕರಿಗೆ ಹೇಳಬೇಕು. ಮೂರನೇದು ಸರಿ ಅಂತ ನಿಮ್ಗೆ ತಕ್ಷಣ ಗೊತ್ತಾಯ್ತಲ್ವಾ? ಯಾಕಂದ್ರೆ ಎರಡನೇ ಕ್ಲಾಸಲ್ಲಿ ಇದನ್ನ ವಾರಕ್ಕೊಂದು ಸಲ ಆದ್ರೂ ನೋಡಿರ್ತೀರ. ಮಗು ಕೇಳಿಸ್ಕೊಂಡ ಹಾಗೇ ಬರೆದಿದೆ, ಮೊದಲು ನೂರು, ಆಮೇಲೆ ಐದು. ಅದರ ಲೆಕ್ಕದಲ್ಲಿ ಅದು ಸರೀನೇ. ಹಾಗೇ 52ರಲ್ಲಿ 38 ಕಳೆದು 26 ಅಂತ ಬರೆಯೋ ಮಗು, ಅದು ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೀತಾ ಹೋಗಿದೆ, 8ರಲ್ಲಿ 2, 5ರಲ್ಲಿ 3. ಇದು ಅಜಾಗರೂಕತೆ ಅಲ್ಲ, ಮಗು ತಾನೇ ಮಾಡ್ಕೊಂಡ ಒಂದು ರೂಲು. ನಾಳೆಯಿಂದ ನಿಮ್ಮ ಕ್ಲಾಸಿನ ನೋಟ್‌ಬುಕ್ ತಿದ್ದುವಾಗ ರೈಟು ರಾಂಗು ಹಾಕೋ ಮುಂಚೆ ಈ ಮಗು ಇದನ್ನ ಹೇಗೆ ಮಾಡ್ತು ಅಂತ ಒಂದ್ಸಲ ಯೋಚ್ನೆ ಮಾಡಿ. ನಿಮ್ಮ ಒಂದೂವರೆ ಗಂಟೆಗೆ ಇದು ಸೇರಲ್ಲ, ಹೇಗೂ ಮಾಡೋ ಕೆಲಸಾನೇ.

ರಾತ್ರಿ ಟೈಮಲ್ಲಿ ಹಳೇ ಪೇಪರ್. ದಿನಾ ಪೂರ್ತಿ ಪೇಪರ್ ಬೇಡ, ಒಂದು ವಿಷಯ 30 ಪ್ರಶ್ನೆ, 30 ನಿಮಿಷ ಅಲಾರಾಂ ಇಟ್ಕೊಂಡು. ಉಳಿದ ಒಂದು ಗಂಟೆ ತಪ್ಪಾಗಿದ್ದರ ಮೇಲೆ. ತಪ್ಪಾಗಿದ್ದನ್ನ ಒಂದು ಬೇರೆ ಬುಕ್ಕಲ್ಲಿ ಬರೆದು ಪಕ್ಕದಲ್ಲಿ "ನಾನು ಯಾಕೆ ಇದನ್ನ ಆರಿಸ್ದೆ" ಅಂತ ಒಂದು ಲೈನ್. ನನ್ನ ಆ ಬುಕ್ಕಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಇದ್ದಿದ್ದು "ಪ್ರಶ್ನೇಲಿ 'ಅಲ್ಲ' ಅಂತ ಇದ್ದಿದ್ದು ನೋಡ್ಲಿಲ್ಲ" ಅಂತ. ನಗು ಬರುತ್ತೆ ಆದ್ರೆ ಅಲ್ಲೇ ಹೋಗಿತ್ತು ನನ್ನ ಎರಡು ವರ್ಷ.

ಹಲಗಿ_ಮಾಸ್ತರ:
ನಮಸ್ಕಾರ್ರಿ ಅಕ್ಕಾರ. ನಾ ಸರ್ಕಾರಿ ಸಾಲ್ಯಾಗ ಇಪ್ಪತ್ನಾಕ ವರ್ಷದಿಂದ ಮಾಸ್ತರ ಅದೇನಿ, ವಯಸ್ಸು 51. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ಕ್ಕ ತೀರ್ಪು ಕೊಟ್ಟದಲ್ರಿ, ನೌಕರಿ ಐದ ವರ್ಷಕ್ಕಿಂತ ಹೆಚ್ಚ ಉಳಿದವರು ಎರಡ ವರ್ಷದೊಳಗ ಟಿಇಟಿ ಪಾಸ್ ಆಗಬೇಕಂತ, ಹಂಗಾಗಿ ನಾನೂ ಈಗ ನಿಮ್ ಜೋಡಿ ವಿದ್ಯಾರ್ಥಿ. ನನ್ನ ಮಗಳೂ ಡಿಎಲ್‌ಇಡಿ (ಈಗಿನ ಡಿಎಡ್) ಮಾಡಾಕತ್ತಾಳ, ಇಬ್ರೂ ಒಂದ ಟೇಬಲ್ಲಿಗೆ ಕುಂತ ಓದತೇವಿ.

ಆಕಿ ಒಂದ ಹಳೇ ಪೇಪರ್ ಕೊಟ್ಳು, ಬರದೆ, 71 ಬಿದ್ದೂವು. ಎಲ್ಲಿ ಹೋದೂವು ಅಂತ ನೋಡಿದ್ರ ಎಲ್ಲಾ ಕಾರ್ಬನ್ ಸರ್ ಹೇಳಿದ ಕಡೇನ. ಒಂದ ಪ್ರಶ್ನಿ: ಕ್ಲಾಸಿನ್ಯಾಗ ಒಬ್ಬ ಹುಡುಗ ಪದೇಪದೇ ಎದ್ದ ಓಡಾಡ್ತಾನ, ನೀವ್ ಏನ್ ಮಾಡ್ತೀರಿ? ನಾ ಅಂಥವನ್ನ ಹಲಗಿ ಒರಸಾಕ ಹಚ್ತೇನಿ, ಚಾಕ್ ತರಾಕ ಕಳಸ್ತೇನಿ. ಆಪ್ಶನ್ನಿನ್ಯಾಗ ಅದು ಇರಲೇ ಇಲ್ರಿ! ಆಮ್ಯಾಲೆ ಮಗಳು ಹೇಳಿದ್ಳು, ಅಪ್ಪಾ ಅದ ಐತಿ, "ಚಟುವಟಿಕೆಯಲ್ಲಿ ತೊಡಗಿಸುವುದು" ಅಂತ ಬರದಾರ, ನೀನು ಮಾಡೂದ ಅದನ ಅಂತ. ನಾ ಪುಸ್ತಕದ ಕನ್ನಡ ಮರತೇನಿ ಅಷ್ಟ.

ಇನ್ನೊಂದ ಮಾತು. ಪರೀಕ್ಷಾದಾಗಿನ ಮಾಸ್ತರ ಬ್ಯಾರೆ ಮನಷ್ಯಾ. ಆಂವಗ ಆಫೀಸಿಂದ ಮಾಹಿತಿ ಕೇಳಿ ಫೋನ್ ಬರಂಗಿಲ್ಲ, ಬಿಸಿಯೂಟದ ಲೆಕ್ಕ ಬರಿಯೂದಿಲ್ಲ, ಮೂರ ಕ್ಲಾಸ್ ಒಟ್ಟಿಗೆ ಕುಂಡ್ರಿಸಿ ಕಲಸೂದಿಲ್ಲ. ಆಂವ ಯಾವತ್ತೂ ಹೊಡಿಯೂದಿಲ್ಲ (ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ ನಾವೂ ಹೊಡಿಯುವಂಗಿಲ್ಲ), ಯಾವ ಹುಡುಗಗೂ ದಡ್ಡ ಅನ್ನೂದಿಲ್ಲ, ಒಂದ ಹುಡುಗನ್ನ ಇನ್ನೊಬ್ಬನ ಜೋಡಿ ಹೋಲಸೂದಿಲ್ಲ. ಉತ್ತರ ಗೊತ್ತಾಗ್ಲಿಲ್ಲಂದ್ರ ಆ ಮನಷ್ಯಾ ಏನ್ ಮಾಡ್ತಿದ್ದ ಅಂತ ಕೇಳ್ಕೊಳ್ರಿ. "ಶಿಕ್ಷೆ", "ನಿರ್ಲಕ್ಷಿಸುವುದು", "ಪ್ರತ್ಯೇಕವಾಗಿ ಕೂರಿಸುವುದು" ಅಂತ ಇದ್ದ ಆಪ್ಶನ್ ಮೊದಲ ಹೊಡದ ಹಾಕ್ರಿ. ಎರಡ ಉಳಿತಾವು. ಮುಂದಿನ ಪೇಪರಿನ್ಯಾಗ ನನಗ 94 ಬಂದ್ವು.

ಆರ್‌ಟಿಇ ಅಂಕಿಗಳು ಮಾತ್ರ ಬಾಯಿಪಾಠನ ಮಾಡ್ರಿ, ಅಲ್ಲಿ ಯೋಚನಿ ನಡಿಯೂದಿಲ್ಲ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. 1ರಿಂದ 5ಕ್ಕ ವರ್ಷಕ್ಕ 200 ದಿವಸ, 800 ತಾಸು. 6ರಿಂದ 8ಕ್ಕ 220 ದಿವಸ, 1000 ತಾಸು. 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ವಾರಕ್ಕ 45 ತಾಸು, ತಯಾರಿನೂ ಹಿಡದು. ನಲಿ-ಕಲಿನೂ ಓದ್ರಿ, 1995ರಾಗ ಹೆಗ್ಗಡದೇವನಕೋಟೆ ಕಡೆ ಶುರುವಾತು, ತರಗತಿ ಅನ್ನೂ ಗೋಡಿ ತಗದ ಮಗು ತನ್ನ ವೇಗದಾಗ ಕಲಿಯೂ ಪದ್ಧತಿ. ಅದನ್ನ ಕಣ್ಣಾರೆ ನೋಡಿದವರಿಗೆ, ಮಗು ಇನ್ನೊಬ್ಬರ ಜೋಡಿ ಸೇರಿ ಕಲೀತದ ಅಂದ ವೈಗೋಟ್ಸ್ಕಿ ಭಾಳ ತ್ರಾಸ ಕೊಡಂಗಿಲ್ಲ.

ಬಿಎಡ್_ಬಾಯ್:
ಮಧ್ಯದಲ್ಲಿ ಬರ್ತಿರೋದಕ್ಕೆ ಸಾರಿ. ನಂದು ಬಿಎಸ್ಸಿ ಬಿಎಡ್, ನಾನೂ ಪೇಪರ್ 1 ಬರೆದು ಇಟ್ಕೊಂಡ್ರೆ ಒಳ್ಳೇದಾ? ಸುಲಭ ಅಂತಾರಲ್ಲ.

ಕಾರ್ಬನ್_ಕಾಪಿ:
ಬೇಡ ಬ್ರೋ. 2018ರಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಬಿಎಡ್‌ನೋರಿಗೂ 1ರಿಂದ 5ಕ್ಕೆ ಅವಕಾಶ ಕೊಟ್ಟಿತ್ತು, ಅದು ಸುಪ್ರೀಂ ಕೋರ್ಟಲ್ಲಿ 2023ರ ಆಗಸ್ಟ್ 11ರಂದು ಬಿದ್ದೋಯ್ತು. ನಿಮ್ದು ಪೇಪರ್ 2, 6ರಿಂದ 8. ಬಿಎಸ್ಸಿ ಅಂದ್ರೆ ಗಣಿತ ವಿಜ್ಞಾನ ತಗೊಳ್ಳಿ, ಅದಕ್ಕೇ 60 ಮಾರ್ಕ್ಸು. ಮತ್ತೆ ಸುಲಭ ಅಂತ ಯಾರು ಹೇಳಿದ್ದು ಅವ್ರನ್ನ ಕರ್ಕೊಂಡ್ ಬನ್ನಿ ಇಲ್ಲಿಗೆ.

ಅಲ್ಪಪ್ರಾಣ:
ಚುಕ್ಕಿ ಅವ್ರೇ, ನಿಮ್ಮ ಇಂಗ್ಲಿಷ್ 14 ಬಗ್ಗೆ ಯಾರೂ ಮಾತಾಡ್ಲಿಲ್ಲ ಅದಕ್ಕೆ ನಾನು ಬಂದೆ, ನಂಗೂ ಅದೇ ಕಾಟ ಇತ್ತು. ವಿಷಯಕ್ಕಿಷ್ಟು ಅಂತ ಪಾಸಿಂಗ್ ಇಲ್ಲ, ಒಟ್ಟು ನೋಡೋದು, ಹಾಗಾಗಿ ಇಂಗ್ಲಿಷಲ್ಲಿ 25 ತೆಗೀತೀನಿ ಅಂತ ಹೊರಡ್ಬೇಡಿ. 14 ಇರೋದು 18 ಆದ್ರೆ ನಿಮ್ಮ ಕೆಲಸ ಆಯ್ತು. ಪ್ಯಾಸೇಜಿನ ಪ್ರಶ್ನೆ ಮೊದಲು ಓದಿ ಆಮೇಲೆ ಪ್ಯಾಸೇಜ್ ಓದಿ, ಉತ್ತರ ಅದರಲ್ಲೇ ಇರುತ್ತೆ ಯಾರೂ ತಗೊಂಡು ಹೋಗಿರಲ್ಲ. ಗ್ರಾಮರ್‌ಗೆ ದಪ್ಪ ಪುಸ್ತಕ ಬೇಡ, ರಾಜ್ಯ ಪಠ್ಯಪುಸ್ತಕದ ಆರು ಏಳು ಎಂಟನೇ ಕ್ಲಾಸ್ ಇಂಗ್ಲಿಷ್ ಸಾಕು, ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಫ್ರೀಯಾಗೇ ಪಿಡಿಎಫ್ ಇದೆ (ಏಳನೇ ಪಿಡಿಎಫ್ ಗ್ರೂಪ್ ಸೇರ್ಬೇಡಿ ಪ್ಲೀಸ್).

ಭಾಷಾ ಬೋಧನೆಯದು ಒಂದ್ಸಲ ಓದಿದ್ರೆ ಎರಡು ಕಡೆ ಕೆಲಸಕ್ಕೆ ಬರುತ್ತೆ, ಇದನ್ನ ಯಾಕೋ ಯಾರೂ ಹೇಳಲ್ಲ. ಆಲಿಸೋದು ಮಾತಾಡೋದು ಓದೋದು ಬರೆಯೋದು, ಈ ನಾಲ್ಕು ಕೌಶಲ, ಮಗು ಮನೆ ಭಾಷೆಯಿಂದ ಶಾಲೆ ಭಾಷೆಗೆ ಬರೋದು, ತಪ್ಪು ಮಾತಾಡಿದಾಗ ಮಧ್ಯೆ ತಡೆದು ತಿದ್ದಬೇಕಾ ಬೇಡ್ವಾ, ಇವೆಲ್ಲ ಕನ್ನಡದಲ್ಲೂ ಇಂಗ್ಲಿಷಲ್ಲೂ ಅದೇ. ಕನ್ನಡದಲ್ಲಿ ಅರ್ಥ ಮಾಡ್ಕೊಳ್ಳಿ, ಇಂಗ್ಲಿಷ್ ಪೇಪರಲ್ಲಿ ಪದಗಳನ್ನ ಗುರುತು ಹಿಡಿದ್ರೆ ಸಾಕು. ಕನ್ನಡ 22 ಚೆನ್ನಾಗೇ ಇದೆ, ಸಂಧಿ ಸಮಾಸ ತತ್ಸಮ ತದ್ಭವ ಮಾತ್ರ ಭಾನುವಾರಕ್ಕೊಂದ್ಸಲ ತಿರುವಿ ಹಾಕಿ. ನಾನು ಪರೀಕ್ಷೆ ಹಾಲಲ್ಲಿ "ಕಂಬನಿ" ನೋಡಿ ಲೋಪ ಅಂತ ತುಂಬಿ ಬಂದೆ, ಕಣ್ ಪನಿ, ಪ ಹೋಗಿ ಬ ಬಂದಿದೆ, ಆದೇಶ ಅಂತ ಹೊರಗೆ ಬರ್ತಿದ್ದ ಹಾಗೇ ಹೊಳೀತು. ಈಗ್ಲೂ ಹೊಟ್ಟೆ ಉರಿಯುತ್ತೆ.

ಪರಿಸರಕ್ಕೆ ಮೂರು ನಾಲ್ಕು ಐದನೇ ಕ್ಲಾಸ್ ಪುಸ್ತಕ ಕಥೆ ಓದಿದ ಹಾಗೆ ಓದಿ, ಪಾಠದ ಕೊನೇಲಿರೋ ಚಟುವಟಿಕೆ ಸಮೇತ.

ಕಾರ್ಬನ್_ಕಾಪಿ:
ಅಲ್ಪಪ್ರಾಣ ಮೇಡಂ ಹೇಳಿದ್ದು ಪೂರ್ತಿ ಸರಿ, ಆದ್ರೆ ಗುರಿ 90ಕ್ಕೇ ನಿಲ್ಲಿಸ್ಬೇಡಿ. ಟಿಇಟಿ ಪಾಸಾದ್ರೆ ಕೆಲಸ ಸಿಕ್ಕ ಹಾಗಲ್ಲ, ನೇಮಕಾತಿಗೆ ಬೇರೆ ಪರೀಕ್ಷೆ ಇರುತ್ತೆ, ಅಲ್ಲಿ ಟಿಇಟಿ ಮಾರ್ಕ್ಸಿಗೂ ತೂಕ ಇದೆ. 100 ಅಂತ ಇಟ್ಕೊಂಡು ಓದಿ. ಒಂದ್ಸಲ ಪಾಸಾದ್ರೆ ಜೀವನಪೂರ್ತಿ ನಡಿಯುತ್ತೆ, ಹಿಂದೆ 7 ವರ್ಷ ಅಂತ ಇತ್ತು, 2021ರಲ್ಲಿ ತೆಗೆದ್ರು. ಪಾಸಾದ್ಮೇಲೂ ಮಾರ್ಕ್ಸ್ ಜಾಸ್ತಿ ಮಾಡ್ಕೊಳ್ಳೋಕೆ ಮತ್ತೆ ಬರೀಬಹುದು.

ಒಎಂಆರ್ ಕೊನೇಲಿ ಒಟ್ಟಿಗೆ ತುಂಬೋಣ ಅಂತ ಇಟ್ಕೊಳ್ಬೇಡಿ, 150 ಪ್ರಶ್ನೆ 150 ನಿಮಿಷ, ಕೈ ನಡುಗಿ ಒಂದು ಸಾಲು ಜಾರಿದ್ರೆ ಕಥೆ ಮುಗೀತು. ಪ್ರತಿ 30ಕ್ಕೊಂದ್ಸಲ ತುಂಬಿ. ಇನ್ನೊಂದು, ಮಗುವಿನ ಯೋಚನೆ ಬೆಳೆಯೋ ಪಿಯಾಜೆ ಹಂತಗಳನ್ನ ನೋಟ್ಸಲ್ಲಿ ಓದೋ ಬದಲು ಮನೇಲಿ ಮಕ್ಳಿದಾರಲ್ಲ, ಚಿಕ್ಕೋರಿಗೆ ಎಷ್ಟು ವಯಸ್ಸು? ಒಂದೇ ಅಳತೆ ಎರಡು ಲೋಟಕ್ಕೆ ನೀರು ಹಾಕಿ ಎರಡೂ ಸಮ ಅಂತ ಒಪ್ಪಿಸಿ, ಆಮೇಲೆ ಅವ್ರ ಎದುರಿಗೇ ಒಂದನ್ನ ಉದ್ದ ಸಣ್ಣ ಲೋಟಕ್ಕೆ ಬಗ್ಗಿಸಿ ಯಾವುದರಲ್ಲಿ ಜಾಸ್ತಿ ಅಂತ ಕೇಳಿ.

ಚುಕ್ಕಿಮಿಸ್:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ. ಟೆಲಿಗ್ರಾಂ ಗ್ರೂಪ್ ಐದರಿಂದ ಹೊರಗೆ ಬಂದೆ, ಆರನೇದು ನಮ್ ಡಿಎಡ್ ಬ್ಯಾಚಿಂದು ಅದು ಇರ್ಲಿ.

ಕಾರ್ಬನ್ ಸರ್, ನೀರಿಂದು ನಿನ್ನೆ ಮಾಡ್ದೆ. ನೀರು ಬಣ್ಣ ಕಾಣ್ಲಿ ಅಂತ ಜ್ಯೂಸ್ ಹಾಕಿದ್ದು ನಂದೇ ತಪ್ಪು. ಚಿಕ್ಕೋನಿಗೆ ಐದು, ಉದ್ದ ಲೋಟದಲ್ಲಿ ಜಾಸ್ತಿ ಅಂದ. ಈಗ ತಾನೇ ಎರಡೂ ಸಮ ಅಂದ್ಯಲ್ಲ ಅಂದ್ರೆ "ಆವಾಗ ಸಮ ಇತ್ತು" ಅಂದ. ಎಂಟು ವರ್ಷದವಳು ಪಕ್ಕದಲ್ಲಿ ಬಿದ್ದು ಬಿದ್ದು ನಗ್ತಾ, ಅದನ್ನ ವಾಪಸ್ ಹಾಕಿದ್ರೆ ಅಷ್ಟೇ ಆಗುತ್ತೆ ಕಣೋ ಅಂತಾಳೆ. ಇವನದು ಕಾರ್ಯಪೂರ್ವ ಹಂತ, ಅವಳದು ಮೂರ್ತ ಕಾರ್ಯಗಳ ಹಂತ, ಎರಡೂ ನಮ್ಮ ಅಡುಗೆಮನೇಲೇ ಕೂತಿತ್ತು, ನಾನು ಮೂರು ನೋಟ್‌ಬುಕ್ ಬರೆದೆ. ಅವಳು ಸಣ್ಣ ಲೋಟ ತಗೊಂಡು ವಾಪಸ್ ಹಾಕಿ ತೋರಿಸೋಕೆ ಹೋದ್ಳು, ಅಷ್ಟರಲ್ಲಿ ಇವನು "ಜಾಸ್ತಿ ಇರೋದು ನಂದು" ಅಂತ ಕುಡಿದೇ ಬಿಟ್ಟ.

ಒಂದು ಡೌಟ್: ಅಕ್ಕ ತಮ್ಮನಿಗೆ ಹೀಗೆ ತೋರಿಸಿ ಹೇಳಿಕೊಡೋಕೆ ಹೋಗಿದ್ದು ಇದೆಯಲ್ಲ, ಅದು ವೈಗೋಟ್ಸ್ಕಿ ಕಡೆಗೆ ಬರುತ್ತಾ?

ಹಲಗಿ_ಮಾಸ್ತರ:
ಬರತದ್ರಿ ಅಕ್ಕಾರ, ತನಗಿಂತ ಹೆಚ್ಚ ತಿಳಿದವರ ಆಸರಾದಾಗ ಕಲಿಯೂದು. ಆದ್ರ ಮುಂದಿನ ಸಲ ನೀರ ಹಾಕ್ರಿ.