ತಪಸ್ಸುಕಾಲ ಮತ್ತು ಇಂದಿನ ವಿಗ್ರಹಗಳು: ಬಿಟ್ಟರೆ ಸಾಕೇ, ಹಿಂತಿರುಗಿಸಬೇಕೇ?

ಪ್ರಶ್ನೆ: ಕಿರು ಸಮುದಾಯದ ಸಂಚಾಲಕ, ಮೈಸೂರು

ಎಲ್ಲರಿಗೂ ವಂದನೆಗಳು. ಪಾಸ್ಕಹಬ್ಬಕ್ಕೆ (ಈಸ್ಟರ್) ಸಿದ್ಧರಾಗುವ ತಪಸ್ಸುಕಾಲದಲ್ಲಿ ನಾವು ಕಿರು ಕ್ರೈಸ್ತ ಸಮುದಾಯದವರು ವಾರಕ್ಕೊಂದು ಮನೆಯಲ್ಲಿ ಸೇರಿ ದೇವರ ವಾಕ್ಯವನ್ನು ಓದಿ ಚಿಂತನೆ ನಡೆಸುತ್ತೇವೆ. ಮೂರನೆಯ ವಾರದ ಚಿಂತನೆಯನ್ನು ನಡೆಸಿಕೊಡುವ ಹೊಣೆ ಈ ಸಲ ನನ್ನದು. ವಿಷಯ ‘ಇಂದಿನ ವಿಗ್ರಹಗಳು’.

ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದ ನಂತರದ ಮೊದಲ ಕೂಟದಲ್ಲಿ ಇದನ್ನು ಪ್ರಸ್ತಾಪಿಸಿದಾಗ ಎಲ್ಲರೂ ಮೊಬೈಲ್, ಹಣ, ಧಾರಾವಾಹಿ, ಕುಡಿತ ಎಂದು ಪಟ್ಟಿ ಕೊಟ್ಟರು. ಅವುಗಳಲ್ಲಿ ಒಂದನ್ನು ಪಾಸ್ಕಹಬ್ಬದವರೆಗೆ ಬಿಡುವುದಾಗಿ ಕೆಲವರು ಸಂಕಲ್ಪವನ್ನೂ ಮಾಡಿದರು. ಆ ಸಂಕಲ್ಪದ ಬಗ್ಗೆ ನನಗೆ ಗೌರವವಿದೆ. ಆದರೆ ಹಬ್ಬದ ಮರುದಿನವೇ ಅದೇ ವಸ್ತು ಅದೇ ಜಾಗಕ್ಕೆ ಬಂದು ಕೂರುವುದಾದರೆ, ನಾವು ವಿಗ್ರಹವನ್ನು ತೆಗೆದೆವೋ ಅಥವಾ ಕೆಲವು ದಿನ ಅದರ ಮೇಲೆ ಬಟ್ಟೆ ಹೊದಿಸಿ ಇಟ್ಟೆವೋ ಎಂಬ ಪ್ರಶ್ನೆ ಉಳಿಯುತ್ತದೆ.

ಅದೇ ಕೂಟದಲ್ಲಿ ಒಬ್ಬ ಸಹೋದರಿ ಕೇಳಿದ ಪ್ರಶ್ನೆಗೆ ಯಾರಿಂದಲೂ ಉತ್ತರ ಬರಲಿಲ್ಲ. ಅವರ ಅನುಮತಿ ಪಡೆದು, ಗುರುತು ಸಿಗದಂತೆ ಇಲ್ಲಿ ಬರೆಯುತ್ತಿದ್ದೇನೆ. ತಂದೆ ತೀರಿಕೊಂಡ ಮೇಲೆ ಅಣ್ಣ ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಪ್ರತಿಯಾಗಿ ಕೊಡುತ್ತೇನೆಂದ ಹಣವನ್ನು ಕೊಡದೆ, ಜಮೀನು ಮಾರಿ ಮನೆ ಕಟ್ಟಿಸಿದರಂತೆ. ಆ ಅಣ್ಣ ಪ್ರತಿ ವರ್ಷ ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿ (ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆದು) ಪರಮಪ್ರಸಾದ ಸ್ವೀಕರಿಸುತ್ತಾರೆ. “ದೇವರೇ ಅವನನ್ನು ಕ್ಷಮಿಸಿದ್ದರೆ, ನಾನು ಕ್ಷಮಿಸದಿರುವುದು ಪಾಪವೇ? ಕ್ಷಮಿಸಿದರೆ ನನ್ನ ಪಾಲನ್ನು ಕೇಳುವ ಹಕ್ಕೂ ಹೋಯಿತೇ?” ಎಂದು ಆಕೆ ಕೇಳಿದರು. ವಿಗ್ರಹದ ಮಾತಿಗೂ ಈ ಪ್ರಶ್ನೆಗೂ ಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಅದನ್ನು ಬಿಡಿಸಿ ಹೇಳಲು ಆಗುತ್ತಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಉಪದೇಶಿ, ಚಾಮರಾಜನಗರ ಜಿಲ್ಲೆ

ಸಹೋದರರೇ, ಸಂಬಂಧ ಖಂಡಿತ ಇದೆ. ಅದನ್ನು ಕಾಣಲು ಬೈಬಲಿನ ವಿಮೋಚನಕಾಂಡದ 32ನೆಯ ಅಧ್ಯಾಯವನ್ನು ಮೊದಲ ವಚನದಿಂದ ಓದಬೇಕು. ತಪಸ್ಸುಕಾಲದ ನಾಲ್ಕನೆಯ ವಾರದ ಗುರುವಾರ ಬಲಿಪೂಜೆಯಲ್ಲಿ ಅದರ 7ರಿಂದ 14ರವರೆಗಿನ ವಚನಗಳನ್ನು ಮಾತ್ರ ಓದುವುದರಿಂದ, ಚಿನ್ನದ ಕರು ಹೇಗೆ ಹುಟ್ಟಿತು ಎಂಬ ಭಾಗ ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ.

ಇಸ್ರಯೇಲರ ನಾಯಕ ಮೋಶೆ ಬೆಟ್ಟದಿಂದ ಇಳಿದು ಬರುವುದು ತಡವಾಯಿತು. ಜನರಿಗೆ ಕಾಯಲಾಗಲಿಲ್ಲ. ಮೋಶೆಯ ಅಣ್ಣ ಆರೋನನು ಅವರ ಹೆಂಡತಿಯರ, ಗಂಡುಮಕ್ಕಳ, ಹೆಣ್ಣುಮಕ್ಕಳ ಕಿವಿಯಲ್ಲಿದ್ದ ಚಿನ್ನದ ಓಲೆಗಳನ್ನು ಬಿಚ್ಚಿ ತರುವಂತೆ ಹೇಳಿದನು. ವಿಗ್ರಹಕ್ಕೆ ಬೇಕಾದ ಚಿನ್ನ ಮನೆಮಂದಿಯ ಮೈಮೇಲಿಂದ ಬಂತು ಎಂಬುದನ್ನು ಗಮನಿಸಿ. ಇನ್ನೊಂದು ಸಂಗತಿ ಇದಕ್ಕಿಂತಲೂ ಗಂಭೀರವಾದದ್ದು. ಕರುವಿನ ಮುಂದೆ ಬಲಿಪೀಠ ಕಟ್ಟಿದ ಆರೋನನು “ನಾಳೆ ನಿಮ್ಮ ಹೊಸ ದೇವರಿಗೆ ಹಬ್ಬ” ಎಂದು ಸಾರಲಿಲ್ಲ; ಸರ್ವೇಶ್ವರನಿಗೇ ಹಬ್ಬವೆಂದು ಸಾರಿದನು. ತಾವು ದೇವರನ್ನು ಬಿಟ್ಟಿದ್ದೇವೆ ಎಂದು ಆ ಜನರು ಭಾವಿಸಿರಲಿಲ್ಲ. ಬಲಿಪೂಜೆಗೆ ತಪ್ಪದೆ ಬರುವ, ಶುಕ್ರವಾರ ಮಾಂಸ ಮುಟ್ಟದ, ಶಿಲುಬೆಯ ಹಾದಿಯಲ್ಲಿ ಮೊಣಕಾಲೂರುವ ನಮ್ಮ ನಡುವೆಯೂ ವಿಗ್ರಹ ನಿರಾತಂಕವಾಗಿ ಬದುಕಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2113ನೆಯ ಪರಿಚ್ಛೇದದಲ್ಲಿ ದೇವರ ಸ್ಥಾನವನ್ನು ಕಸಿಯಬಲ್ಲವುಗಳ ಸಾಲಿನಲ್ಲಿ ಅಧಿಕಾರ, ಸುಖ, ಜನಾಂಗ, ಪೂರ್ವಜರು, ರಾಷ್ಟ್ರ, ಹಣ ಇವೆಲ್ಲವನ್ನೂ ಹೆಸರಿಸುತ್ತದೆ. ಪೋಪ್ ಫ್ರಾನ್ಸಿಸ್ 2013ರ ತಮ್ಮ ‘ಎವಾಂಜೆಲಿ ಗೌದಿಯುಂ’ ಪತ್ರದ 55ನೆಯ ಪರಿಚ್ಛೇದದಲ್ಲಿ, ಹಣದ ಆರಾಧನೆಯ ರೂಪದಲ್ಲಿ ಆ ಹಳೆಯ ಚಿನ್ನದ ಕರುವೇ ಹೊಸ ನಿರ್ದಯ ವೇಷದಲ್ಲಿ ಮರಳಿದೆ ಎಂದು ಬರೆದರು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಪಸ್ಸುಕಾಲದ ಈ ಬೋಧನೆ ನಮ್ಮ ಓಣಿಯ ನೆರೆಯವರ ಪೂಜೆಯನ್ನು ಕುರಿತದ್ದಲ್ಲ. ಅದನ್ನು ಹಾಗೆ ತಿರುಗಿಸುವುದು ನಮ್ಮ ಆತ್ಮಶೋಧನೆಯಿಂದ ತಪ್ಪಿಸಿಕೊಳ್ಳುವ ಸುಲಭ ದಾರಿಯಷ್ಟೇ.

ಆದ್ದರಿಂದ ಕೂಟದಲ್ಲಿ “ನಿಮ್ಮ ವಿಗ್ರಹ ಯಾವುದು?” ಎಂದು ಕೇಳಬೇಡಿ, ಪಟ್ಟಿಯೇ ಬರುತ್ತದೆ. “ನಾನು ಬಯಸಿದ್ದಕ್ಕೆ ಬೆಲೆ ತೆತ್ತವರು ಯಾರು?” ಎಂದು ಕೇಳಿ. ಪ್ರತಿಯೊಂದು ವಿಗ್ರಹವೂ ಕಾಣಿಕೆ ಕೇಳುತ್ತದೆ, ಮತ್ತು ಆ ಕಾಣಿಕೆಯನ್ನು ನಾವು ಸಾಮಾನ್ಯವಾಗಿ ಬೇರೆಯವರಿಂದ ಕೊಡಿಸುತ್ತೇವೆ. ಮಗನ ಅಂಕಗಳೇ ದೇವರಾದ ಮನೆಯಲ್ಲಿ ಆ ಬೆಲೆಯನ್ನು ತೆರುವವನು ನಿದ್ದೆಗೆಟ್ಟ ಮಗನೇ. ಊರು ಮೆಚ್ಚುವ ಮದುವೆಯನ್ನು ಸಾಲ ಮಾಡಿ ನಡೆಸಿದವರ ಮನೆಯಲ್ಲಿ, ಆಮೇಲೆ ವರ್ಷಗಟ್ಟಲೆ ಕಂತು ಕಟ್ಟುತ್ತಾ ಮದ್ದಿನ ಖರ್ಚನ್ನೂ ಕಡಿತ ಮಾಡಿಕೊಳ್ಳುವವರು ವಯಸ್ಸಾದ ತಂದೆ ತಾಯಿ. ನಿಮ್ಮ ಸಹೋದರಿಯ ಕಥೆಯಲ್ಲಿ ಬೆಲೆ ತೆತ್ತವರು ಯಾರು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ವಾರದ ಶುಕ್ರವಾರದ ಮೊದಲ ವಾಚನ ಹೋಶೇಯನ 14ನೆಯ ಅಧ್ಯಾಯ. ಅಲ್ಲಿ ಮರಳಿ ಬರುವ ಜನರ ಬಾಯಿಗೆ ಪ್ರವಾದಿ ಮಾತುಗಳನ್ನೇ ಕೊಡುತ್ತಾನೆ: ಅಸ್ಸೀರಿಯ ನಮ್ಮನ್ನು ಕಾಪಾಡದು, ನಾವು ಕುದುರೆಗಳನ್ನು ನೆಚ್ಚಿಕೊಳ್ಳೆವು, ನಮ್ಮ ಕೈಗಳು ಮಾಡಿದ್ದನ್ನು ಇನ್ನು ನಮ್ಮ ದೇವರೆನ್ನೆವು. ಅದೇ ಉಸಿರಿನಲ್ಲಿ, ತಬ್ಬಲಿಗೆ ಕರುಣೆ ದೊರಕುವುದು ನಿನ್ನಲ್ಲಿಯೇ ಎಂಬ ಮಾತೂ ಬರುತ್ತದೆ. ವಿಗ್ರಹವನ್ನು ಬಿಡುವ ಪ್ರಾರ್ಥನೆಯೊಳಗೆ ದಿಕ್ಕಿಲ್ಲದವರ ನೆನಪು ಏಕೆ ಬಂತು ಎಂಬುದನ್ನು ಕುರಿತೇ ನಿಮ್ಮ ಕೂಟ ಒಂದು ಸಂಜೆ ಮಾತನಾಡಬಹುದು. 2014ರಲ್ಲಿ ‘ಪ್ರಭುವಿಗಾಗಿ 24 ಗಂಟೆಗಳು’ ಎಂಬ ಪಾಪನಿವೇದನೆ ಮತ್ತು ಆರಾಧನೆಯ ಆಚರಣೆ ಆರಂಭವಾದದ್ದೂ ಇದೇ ಶುಕ್ರವಾರದಂದು. ಆ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸ್ ಇತರರ ಪಾಪನಿವೇದನೆಯನ್ನು ಕೇಳುವ ಮೊದಲು ತಾವೇ ಒಬ್ಬ ಗುರುವಿನ ಮುಂದೆ ಮೊಣಕಾಲೂರಿದರು.

ಉತ್ತರ 2: ಬೆಂಗಳೂರಿನ ಯುವ ಓದುಗ

ಉಪದೇಶಿಗಳ ಮಾತನ್ನು ಒಪ್ಪುತ್ತೇನೆ. ಆದರೂ ಮೊಬೈಲ್ ಬಿಡುವಂಥ ಸಣ್ಣ ಸಂಕಲ್ಪಗಳನ್ನು ಹಗುರವಾಗಿ ಕಾಣಬಾರದೆಂದು ವಿನಂತಿಸುತ್ತೇನೆ. ಏನನ್ನೂ ಬಿಟ್ಟು ನೋಡದವನಿಗೆ ತನ್ನನ್ನು ಏನು ಹಿಡಿದುಕೊಂಡಿದೆ ಎಂಬುದೇ ತಿಳಿಯುವುದಿಲ್ಲ. ರಾತ್ರಿ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಮಲಗಿದಾಗ ಬರುವ ಚಡಪಡಿಕೆ ಫೋನಿನದಲ್ಲ. ಯಾರಾದರೂ ನನ್ನನ್ನು ಮೆಚ್ಚಿದರೇ, ಕಚೇರಿಯಲ್ಲಿ ನನ್ನನ್ನು ಮರೆತರೇ ಎಂಬ ಭಯದ್ದು. ಆ ಭಯ ಗೊತ್ತಾದ ಮೇಲಲ್ಲವೇ ಪಶ್ಚಾತ್ತಾಪಕ್ಕೆ ಒಂದು ವಿಳಾಸ ಸಿಗುವುದು? ವಿಭೂತಿ ಬುಧವಾರದ ಶುಭಸಂದೇಶದಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಲು ಹೇಳಿದರು. ನಮ್ಮ ಪೀಳಿಗೆಗೆ ಇವುಗಳಲ್ಲಿ ಅತ್ಯಂತ ಕಷ್ಟವಾದದ್ದು ಗುಟ್ಟಾಗಿ ಮಾಡುವುದೇ. ಉಪವಾಸದ ಸುದ್ದಿಯನ್ನೂ ಸ್ಟೇಟಸ್ಸಿನಲ್ಲಿ ಹಾಕುವವರನ್ನು ಕಂಡಿದ್ದೇನೆ.

ಉತ್ತರ 3: ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸದಸ್ಯೆ, ಮಂಗಳೂರು

ನಮ್ಮ ಸಭೆಯಲ್ಲಿ ಗುರುಗಳ ಮುಂದೆ ಒಬ್ಬೊಬ್ಬರೇ ಪಾಪನಿವೇದನೆ ಮಾಡುವ ಪದ್ಧತಿಯಿಲ್ಲ. ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪವನ್ನು ಅರಿಕೆ ಮಾಡುತ್ತೇವೆ. ಆದರೂ ಈ ಪ್ರಶ್ನೆ ನಮ್ಮದೂ ಹೌದು. 1517ರಲ್ಲಿ ಮಾರ್ಟಿನ್ ಲೂಥರ್ ಮಂಡಿಸಿದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕು ಎಂಬುದು. ಹಾಗಾಗಿ ಹಬ್ಬದ ಮರುದಿನ ಮುಗಿದುಹೋಗುವ ಪಶ್ಚಾತ್ತಾಪದ ಬಗ್ಗೆ ಸಂಚಾಲಕರಿಗಿರುವ ಕಳವಳ ಸರಿಯಾದದ್ದೇ.

ನಾನು ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಬೆಲೆ ತೆತ್ತವರಿಗೆ ಹಿಂತಿರುಗಿಸುವುದನ್ನು ಒತ್ತಿ ಹೇಳುವ ಭರದಲ್ಲಿ, ಹಿಂತಿರುಗಿಸಿದ ಮೇಲೆಯೇ ದೇವರು ಮುಖ ತೋರಿಸುತ್ತಾನೆ ಎಂಬ ಅರ್ಥ ಬರಬಾರದು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ತೆರಿಗೆ ವಸೂಲಿಗಾರ ಜಕ್ಕಾಯನು ಇನ್ನೂ ಅತ್ತಿಮರದ ಮೇಲಿರುವಾಗಲೇ, ಒಂದು ಕಾಸನ್ನೂ ಹಿಂತಿರುಗಿಸುವ ಮೊದಲೇ, ಯೇಸು ಅವನ ಮನೆಗೆ ಬರುವುದಾಗಿ ಹೇಳುತ್ತಾನೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಅವನ ಬಾಯಿಂದ ಬರುವುದು ಆಮೇಲೆ. ಕೃಪೆ ಮೊದಲು ಬಂತು, ಮತ್ತು ಬಂದ ಕೃಪೆ ಅವನ ಹಣದ ಚೀಲವನ್ನು ಬಿಚ್ಚಿಸಿತು.

ಇದರ ಎದುರಿಗೆ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು ಇಟ್ಟು ನೋಡಿ. ಮತ್ತಾಯನ 27ನೆಯ ಅಧ್ಯಾಯದ ಪ್ರಕಾರ ಅವನು ಪಶ್ಚಾತ್ತಾಪಪಟ್ಟನು, ನಿರಪರಾಧಿಗೆ ದ್ರೋಹ ಮಾಡಿದೆನೆಂದು ಬಾಯಿಬಿಟ್ಟು ಹೇಳಿದನು, ಮೂವತ್ತು ಬೆಳ್ಳಿ ನಾಣ್ಯಗಳನ್ನೂ ಹಿಂತಿರುಗಿಸಿದನು. ಅವನಿಗೆ ತಪ್ಪಿದ್ದು ಯೇಸುವಿನ ಬಳಿಗೆ ಮರಳುವ ಧೈರ್ಯ. ಅವನು ಹೋದದ್ದು ಯಾಜಕರ ಬಳಿಗೆ, ಅವರು “ಅದು ನಿನಗೆ ಬಿಟ್ಟದ್ದು” ಎಂದು ಕೈಕೊಡವಿದರು. ಯೇಸು ಬಂಧಿತನಾದ ರಾತ್ರಿ ಮೂರು ಸಲ ಅವನ ಗುರುತಿಲ್ಲವೆಂದ ಶಿಷ್ಯ ಪೇತ್ರನೂ ವ್ಯಥೆಪಟ್ಟು ಅತ್ತನು, ಆದರೆ ಗೆಳೆಯರ ಜೊತೆಯನ್ನು ಬಿಡಲಿಲ್ಲ, ಮತ್ತು ತಿಬೇರಿಯ ಸಮುದ್ರದ ದಡದಲ್ಲಿ ಮೂರು ಸಲ “ನನ್ನನ್ನು ಪ್ರೀತಿಸುತ್ತೀಯಾ?” ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡನು. ತಪ್ಪು ಮಾಡಿದವರನ್ನು ಆ ಯಾಜಕರಂತೆ ಕೈಕೊಡವಿ ಕಳುಹಿಸುವ ಸಭೆ ನಮ್ಮದಾಗಬಾರದೆಂಬುದು ನನ್ನ ಆಸೆ. ಆ ಅಣ್ಣ ನಾಳೆ ನಾಚಿಕೆಯಿಂದ ತಲೆತಗ್ಗಿಸಿ ಬಂದರೆ ಅವರನ್ನು ಒಳಗೆ ಕರೆದುಕೊಳ್ಳುವವರು ಬೇಕು.

ಉತ್ತರ 4: ನಿವೃತ್ತ ವಕೀಲೆ, ಹಾಸನ

ಸಹೋದರಿಯ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಕ್ಷಮಿಸಿದರೆ ಪಾಲು ಕೇಳುವ ಹಕ್ಕು ಹೋಗುವುದಿಲ್ಲ. ಈ ಎರಡನ್ನೂ ಬೆಸೆದದ್ದು ನಮ್ಮ ಮನೆತನಗಳ ರೂಢಿಯೇ ಹೊರತು ಶುಭಸಂದೇಶವಲ್ಲ. ತಪಸ್ಸುಕಾಲದ ಮೂರನೆಯ ವಾರದ ಮಂಗಳವಾರ ಮತ್ತಾಯ 18ನೆಯ ಅಧ್ಯಾಯವನ್ನು 21ನೆಯ ವಚನದಿಂದ ಓದುತ್ತಾರೆ: ಎಷ್ಟು ಸಲ ಕ್ಷಮಿಸಬೇಕು ಎಂಬ ಪೇತ್ರರ ಪ್ರಶ್ನೆ, ಹತ್ತು ಸಾವಿರ ತಲಾಂತುಗಳ ಸಾಲ ಮನ್ನಾ ಆದವನು ನೂರು ದೆನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದ ಸಾಮತಿ (ದೃಷ್ಟಾಂತ ಕಥೆ). ಒಂದು ದೆನಾರಿ ಅಂದಿನ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು ಆರು ಸಾವಿರ ದೆನಾರಿ. ದೇವರು ನಮಗೆ ಬಿಟ್ಟುಕೊಟ್ಟ ಸಾಲ ಯಾವ ಜನ್ಮದ ದುಡಿಮೆಯಿಂದಲೂ ತೀರದ್ದು ಎಂಬುದು ಆ ಲೆಕ್ಕದ ತಾತ್ಪರ್ಯ. ಆದರೆ ಅದೇ ಅಧ್ಯಾಯದ 15ರಿಂದ 17ರವರೆಗಿನ ವಚನಗಳನ್ನು ಆ ದಿನ ಓದುವುದಿಲ್ಲ. ನಿನ್ನ ಸೋದರ ನಿನಗೆ ವಿರುದ್ಧವಾಗಿ ತಪ್ಪು ಮಾಡಿದರೆ ಹೋಗಿ ಅವನೊಬ್ಬನಿಗೇ ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದು ಅಲ್ಲಿದೆ. ತಪ್ಪನ್ನು ತಪ್ಪೆಂದು ಹೇಳುವುದು ಕ್ಷಮೆಗೆ ಅಡ್ಡಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಾಪನಿವೇದನೆಯ ವಿಷಯಕ್ಕೆ ಬಂದರೆ, ಆ ಅಣ್ಣ ಏನನ್ನು ನಿವೇದಿಸಿಕೊಂಡರು ಎಂಬುದು ನಮಗೆ ತಿಳಿಯದು. ಗುರುಗಳೂ ಅದನ್ನು ಎಂದಿಗೂ ಹೇಳುವಂತಿಲ್ಲ. ಆದರೆ ಧರ್ಮಸಭೆಯ ಬೋಧನೆ ಗುಟ್ಟಲ್ಲ. ಧರ್ಮೋಪದೇಶ ಗ್ರಂಥದ 1459ನೆಯ ಪರಿಚ್ಛೇದವು, ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಪಾಪ ಉಂಟುಮಾಡಿದ ಎಲ್ಲ ಹಾನಿಯನ್ನೂ ಸರಿಪಡಿಸುವುದಿಲ್ಲ, ಕದ್ದದ್ದನ್ನು ಹಿಂತಿರುಗಿಸುವಂಥ ಸಾಧ್ಯವಿರುವ ಪರಿಹಾರವನ್ನೆಲ್ಲ ಮಾಡಲೇಬೇಕು ಎನ್ನುತ್ತದೆ. ಹಳೆಯ ಒಡಂಬಡಿಕೆ ಇನ್ನೂ ನಿಖರ. ತಪ್ಪನ್ನು ಒಪ್ಪಿಕೊಂಡವನು ಪೂರ್ತಿ ಬೆಲೆಯನ್ನೂ ಅದರ ಮೇಲೆ ಐದರಲ್ಲಿ ಒಂದು ಪಾಲನ್ನೂ ನಷ್ಟಹೊಂದಿದವನಿಗೆ ಕೊಡಬೇಕೆಂದು ಸಂಖ್ಯಾಕಾಂಡದ 5ನೆಯ ಅಧ್ಯಾಯ ವಿಧಿಸುತ್ತದೆ. ಕೊಡುವ ಶಕ್ತಿಯಿದ್ದೂ ಕೊಡುವ ಮನಸ್ಸೇ ಇಲ್ಲದವನ ಪಶ್ಚಾತ್ತಾಪ ಅರ್ಧಕ್ಕೆ ನಿಂತ ಪಶ್ಚಾತ್ತಾಪ.

ಕಾನೂನಿನ ಬಗ್ಗೆಯೂ ಒಂದು ಮಾತು. ಕ್ರೈಸ್ತ ತಂದೆ ವಿಲ್ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯ ಮೂರನೆಯ ಒಂದು ಭಾಗ ಹೋಗಿ ಉಳಿದದ್ದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸೇರುತ್ತದೆ. ತವರಿನ ಸಂಬಂಧ ಉಳಿಯಲೆಂದು ಹೆಣ್ಣುಮಕ್ಕಳು ಸಹಿ ಹಾಕಿಕೊಡುವುದನ್ನು ವೃತ್ತಿಯಲ್ಲಿ ಬಹಳ ಕಂಡಿದ್ದೇನೆ, ಮತ್ತು ಅದನ್ನು ಔದಾರ್ಯವೆಂದು ಹೊಗಳುವವರನ್ನು ಕಂಡು ನೊಂದಿದ್ದೇನೆ. ಪತ್ರ ನೋಂದಣಿಯಾಗಿದೆಯೇ, ಅದರಲ್ಲಿ ಹಣ ಸಂದಾಯವಾಗಿದೆ ಎಂದು ಬರೆದಿದೆಯೇ, ಎಷ್ಟು ಕಾಲವಾಗಿದೆ ಎಂಬುದನ್ನೆಲ್ಲ ಒಬ್ಬ ವಕೀಲರಿಗೆ ತೋರಿಸಿ ಕೇಳಲಿ. ಕಾಲಮಿತಿ ಇರುವುದರಿಂದ ತಡಮಾಡುವುದು ಬೇಡ.

ಉಳಿದದ್ದು ಆಕೆಯ ಮನಸ್ಸಿನ ವಿಷಯ. ನೋವನ್ನು ಅನುಭವಿಸದಿರುವುದಾಗಲಿ ಮರೆತುಬಿಡುವುದಾಗಲಿ ನಮ್ಮ ಕೈಯಲ್ಲಿಲ್ಲ ಎಂದು ಅದೇ ಗ್ರಂಥದ 2843ನೆಯ ಪರಿಚ್ಛೇದ ಹೇಳುತ್ತದೆ. ಹೃದಯವನ್ನು ಪವಿತ್ರಾತ್ಮರಿಗೆ ಒಪ್ಪಿಸಿದಾಗ ಆ ಗಾಯವೇ ಕರುಣೆಯಾಗಿ, ನೋಯಿಸಿದವನಿಗಾಗಿ ಪ್ರಾರ್ಥನೆಯಾಗಿ ಮಾರ್ಪಡುತ್ತದೆ ಎಂಬ ಭರವಸೆಯೂ ಅಲ್ಲಿದೆ. ಇಂದು ಆಕೆಗೆ ಸಾಧ್ಯವಿರುವುದು ಅಣ್ಣನ ಕೇಡನ್ನು ಬಯಸದಿರುವುದಷ್ಟೇ ಆಗಿದ್ದರೆ, ಅದನ್ನು ಕ್ಷಮೆಯ ಆರಂಭವೆಂದು ಗೌರವಿಸಬೇಕು. ಹಬ್ಬದೊಳಗೆ ಕೈಕುಲುಕಿ ಮುಗಿಸಿ ಎಂದು ಕೂಟದಲ್ಲಿ ಯಾರೂ ಅವರನ್ನು ಒತ್ತಾಯಿಸಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವಕೀಲೆ ಅಮ್ಮನವರ ಉತ್ತರವನ್ನು ಆ ಸಹೋದರಿಗೆ ಕಳುಹಿಸಿದೆ. ಪತ್ರದ ಪ್ರತಿಯನ್ನು ಹುಡುಕಿ ತೆಗೆಯುವುದಾಗಿ ಹೇಳಿದ್ದಾರೆ. ಅಣ್ಣನ ಬಳಿ ಮೊದಲು ತಾವೊಬ್ಬರೇ ಹೋಗಿ ಮಾತನಾಡುವ ಇಚ್ಛೆ ಅವರದು. ಅದು ಫಲಿಸದಿದ್ದರೆ ಜೊತೆಗೆ ಹೋಗಲು ಇಬ್ಬರು ಹಿರಿಯರನ್ನು ಕೇಳಿಕೊಂಡಿದ್ದೇನೆ.

ಚಿಂತನೆಗೆ ಹೋಶೇಯನ 14ನೆಯ ಅಧ್ಯಾಯವನ್ನೂ ಮತ್ತಾಯ 18ನ್ನು 15ನೆಯ ವಚನದಿಂದ ಕೊನೆಯವರೆಗೂ ಓದಿಸಲು ನಿರ್ಧರಿಸಿದ್ದೇನೆ. ನಡುವೆ ಪಟ್ಟಿಗೆ ಅವಕಾಶ ಕೊಡದೆ, ಉಪದೇಶಿಗಳು ಕೊಟ್ಟ ಪ್ರಶ್ನೆಯೊಂದನ್ನೇ ಕೇಳಿ ಎಲ್ಲರೂ ಮೌನವಾಗಿ ಕುಳಿತುಕೊಳ್ಳಲು ಸಮಯ ಬಿಡುತ್ತೇನೆ. ಯಾರೂ ಬಾಯಿಬಿಟ್ಟು ಉತ್ತರಿಸಬೇಕಾಗಿಲ್ಲ. ಶುಕ್ರವಾರ ಸಂಜೆ ಪಾಪನಿವೇದನೆಗೆ ಹೆಚ್ಚು ಹೊತ್ತು ಕುಳಿತಿರುವಿರಾ ಎಂದು ಧರ್ಮಕೇಂದ್ರದ ಗುರುಗಳನ್ನು ವಿಚಾರಿಸಿದೆ. ಜನರಿರುವವರೆಗೂ ಇರುತ್ತೇನೆಂದು ಒಪ್ಪಿಕೊಂಡಿದ್ದಾರೆ.